ಇಬ್ಬರಿಗೂ ಒಂದೇ ಗಣಿತ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಜೋಡಿಯಾಗಿಯೇ ಹೊರಗೆ ಕಳಿಸುವುದು. ಶಾಲೆಗಾಗಲಿ, ಮಠಕ್ಕಾಗಲಿ, ಪಕ್ಕದ ಬೀದಿಯ ಅರಿಶಿನ ಕುಂಕುಮಕ್ಕಾಗಲಿ, ಒಬ್ಬಳ ಜೊತೆಗೆ ಇನ್ನೊಬ್ಬಳು ಇರಲೇಬೇಕು. ಈ ಪದ್ಧತಿಯನ್ನು ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಾರೆ. ಹಿಂದಿನಿಂದ ಬಂದದ್ದೆಲ್ಲ ಮುಂದಕ್ಕೂ ಹೋಗಲೇಬೇಕೆಂದು ಯಾವ ಪುಣ್ಯಾತ್ಮ ಹೇಳಿದನೋ ನಾನು ಕಾಣೆ.

ನಾವು ಭದ್ರಾವತಿಯವರು. ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ನಮ್ಮ ಹಾರ್ಡ್‌ವೇರ್ ಅಂಗಡಿ, ಅದರ ಹಿಂದಿನ ಬೀದಿಯಲ್ಲಿ ಮನೆ. ಅಂಗಡಿಯನ್ನು ಅಣ್ಣ ಮತ್ತು ತಮ್ಮ ನೋಡಿಕೊಳ್ಳುತ್ತಾರೆ. ಅಕ್ಕ ಗಂಡನ ಮನೆಯಲ್ಲಿದ್ದಾಳೆ. ನಾನು ಮದುವೆಯಾಗಿ ಹೋಗಿ, ಅಲ್ಲಿ ಬಾಳಲಾಗದೆ, ಹೊಲಿಗೆ ಮಿಷನ್ನಿನ ಸಮೇತ ವಾಪಸು ಬಂದವಳು. ಮಹಡಿಯ ಮೇಲೆ ಒಂದು ಕೋಣೆ ಕೊಟ್ಟಿದ್ದಾರೆ. ಬ್ಲೌಸ್ ಹೊಲಿಯುತ್ತೇನೆ, ಬಿಡುವಾದಾಗ ಹೀಗೆ ಏನಾದರೂ ಬರೆಯುತ್ತೇನೆ, ನಾಲಿಗೆಯ ಮೇಲೆ ಹಿಡಿತವಿಲ್ಲ ಎಂದು ಆಗಾಗ ಬೈಸಿಕೊಳ್ಳುತ್ತೇನೆ. ಬೈಯುವವರು ಬೈಯಲಿ. ನಾಲಿಗೆ ನನ್ನದು.

ಅಣ್ಣನಿಗೆ ಒಬ್ಬಳು ಮಗಳು, ತಮ್ಮನಿಗೆ ಒಬ್ಬಳು. ಹೆಚ್ಚುಕಮ್ಮಿ ಒಂದು ತಿಂಗಳ ಅಂತರದಲ್ಲಿ ಹುಟ್ಟಿದವರು. ಅಣ್ಣನ ಮಗಳು ದೊಡ್ಡವಳು, ತಮ್ಮನ ಮಗಳು ಚಿಕ್ಕವಳು. ಮನೆಯಲ್ಲಿ ಅವರನ್ನು ಕರೆಯುವುದೂ ಹಾಗೆಯೇ. ಒಂದೇ ತೊಟ್ಟಿಲನ್ನು ಸರದಿಯ ಮೇಲೆ ತೂಗಿಸಿಕೊಂಡರು, ಒಂದೇ ಶಾಲೆಗೆ ಹೋದರು, ಒಂದೇ ಥಾನಿನ ಬಟ್ಟೆಯಲ್ಲಿ ನಾನು ಇಬ್ಬರಿಗೂ ಲಂಗ ಹೊಲಿದೆ. ನೋಡಿದವರೆಲ್ಲ ಅವಳಿ ಮಕ್ಕಳಾ ಎಂದು ಕೇಳುತ್ತಿದ್ದರು. ಹೌದೆಂದರೂ ನಡೆಯುತ್ತಿತ್ತು.

ಆದರೆ ಒಳಗಿನ ಗುಣ ಬೇರೆ ಬೇರೆ. ನಮ್ಮಮ್ಮ ಹಾಸಿಗೆ ಹಿಡಿದು ಮಲಗಿದ ವರ್ಷ, ದೊಡ್ಡವಳು ಇನ್ನೂ ಮಿಡ್ಲ್ ಸ್ಕೂಲಿನ ಹುಡುಗಿ, ಅಜ್ಜಿಯ ಮೈ ಒರೆಸುವುದು, ಮಗ್ಗುಲು ಬದಲಾಯಿಸುವುದು, ಗಂಜಿ ಕುಡಿಸುವುದು ಎಲ್ಲವನ್ನೂ ಮುಖ ಸಿಂಡರಿಸದೆ ಮಾಡಿದಳು. ಮಾತ್ರೆ ಕೊಡುವ ಹೊತ್ತು ನಮಗೆಲ್ಲ ಮರೆತರೂ ಅವಳಿಗೆ ಮರೆಯುತ್ತಿರಲಿಲ್ಲ. ನಾನು ನರ್ಸ್ ಆಗ್ತೀನಿ ಎಂದು ಅವಳು ಆಗಲೇ ಹೇಳಿದ್ದಳು.

ಚಿಕ್ಕವಳದು ಇನ್ನೊಂದು ಹುಚ್ಚು. ಅಂಗಡಿಗೆ ಪೈಪು, ನಲ್ಲಿ ಕೊಳ್ಳಲು ಬರುವವರು ಕಟ್ಟುತ್ತಿರುವ ಮನೆಯ ಪ್ಲಾನ್ ತಂದು ಕೌಂಟರಿನ ಮೇಲೆ ಹರಡುತ್ತಾರೆ. ಇವಳು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಒಂದು ದಿನ ಪ್ಲಂಬಿಂಗ್ ಕೆಲಸದ ಭಾಯಿಯೊಬ್ಬರು ತಂದ ಪ್ಲಾನಿನಲ್ಲಿ ಬೆರಳಿಟ್ಟು, "ಇಲ್ಲಿ ಮೆಟ್ಟಿಲು ಹತ್ತೋರಿಗೆ ತಲೆ ಬಡಿಯುತ್ತೆ" ಎಂದಳು. ಭಾಯಿ ನಕ್ಕರು. ಹದಿನೈದು ದಿನ ಕಳೆದು ಬಂದು, "ಅಣ್ಣಾವ್ರೆ, ಆ ಮೆಟ್ಟಿಲು ಒಡೆದು ಮತ್ತೆ ಕಟ್ಟಿದ್ರು, ನಿಮ್ಮ ಈ ಮಗೂನ ಮಾತ್ರ ಚೆನ್ನಾಗಿ ಓದಿಸಿ" ಎಂದರು. ಆವತ್ತಿನಿಂದ ಅವಳಿಗೆ ಆರ್ಕಿಟೆಕ್ಚರ್ ಬಿಟ್ಟು ಬೇರೆ ಮಾತಿಲ್ಲ. ಗಣಿತವೆಂದರೆ ಅವಳಿಗೆ ಪಾಠವಲ್ಲ, ಆಟ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಇಬ್ಬರೂ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ತಲೆನೋವು ಶುರುವಾಯಿತು. ಸೈನ್ಸ್ ಅಂದರೆ ಶಿವಮೊಗ್ಗವೇ ಎಂಬುದು ಅಣ್ಣನ ತೀರ್ಮಾನ. ಅಲ್ಲಿನ ಒಂದು ಹುಡುಗಿಯರ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವುದೆಂದಾಯಿತು. ಫಿಸಿಕ್ಸು, ಕೆಮಿಸ್ಟ್ರಿ ಎಲ್ಲರಿಗೂ ಇದ್ದದ್ದೇ. ಅದರ ಜೊತೆಗೆ ಬೇರೆ ಯಾವ ಎರಡು ವಿಷಯ ತೆಗೆದುಕೊಳ್ಳುತ್ತೀರಿ ಎನ್ನುವುದರ ಮೇಲೆ ಮುಂದಿನ ದಾರಿ ನಿಂತಿರುತ್ತದೆ. ನರ್ಸಿಂಗಿಗೆ ಬಯಾಲಜಿ ಬೇಕು, ಗಣಿತ ಬೇಡ. ಆರ್ಕಿಟೆಕ್ಚರಿಗೆ ಪಿಯುಸಿಯಲ್ಲಿ ಗಣಿತ ಇರಲೇಬೇಕು, ಇಲ್ಲದಿದ್ದರೆ ಅರ್ಜಿಯನ್ನೇ ಮುಟ್ಟುವುದಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ತೀರ್ಪು ಕೊಟ್ಟ. "ಪಿಸಿಎಂಬಿ ತಗೊಳ್ಳಿ. ಅದರಲ್ಲಿ ಗಣಿತಾನೂ ಇದೆ, ಬಯಾಲಜಿನೂ ಇದೆ. ಬೋಲ್ಟೂ ಬಂತು, ನಟ್ಟೂ ಬಂತು. ಇಬ್ಬರೂ ಒಂದೇ ಕ್ಲಾಸು, ಒಂದೇ ಬಸ್ಸು, ಯಾರಿಗೂ ಚಿಂತೆ ಇಲ್ಲ."

ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ದೊಡ್ಡವಳ ಮುಖ ಮಾತ್ರ ಸಪ್ಪಗಾಯಿತು. ಎಸ್ಸೆಸ್ಸೆಲ್ಸಿ ಗಣಿತವನ್ನು ಅವಳು ದೇವರಿಗೆ ಹರಕೆ ಹೊತ್ತು ದಾಟಿದವಳು.

"ಅಪ್ಪ, ನಂಗೆ ಗಣಿತ ಬೇಡ," ಎಂದಳು. "ಅದೇ ಕಾಲೇಜಲ್ಲಿ ಗಣಿತದ ಬದಲು ಹೋಮ್ ಸೈನ್ಸ್ ತಗೋಬಹುದಂತೆ."

ಅಣ್ಣ ವಿಚಾರಿಸದೆ ಇರುವವನಲ್ಲ. ಕಾಲೇಜಿಗೆ ಫೋನ್ ಮಾಡಿ ಕೇಳಿದ. ಹೋಮ್ ಸೈನ್ಸ್‌ನವರಿಗೆ ಬೇರೆ ಪ್ರಾಕ್ಟಿಕಲ್ ಇರುತ್ತದೆ, ವಾರಕ್ಕೆ ಎರಡು ದಿನ ಸಂಜೆಯವರೆಗೆ ಅವರು ಕಾಲೇಜಿನಲ್ಲೇ ಇರಬೇಕು, ಗಣಿತದವರಿಗೆ ಆ ಎರಡು ದಿನ ಮಧ್ಯಾಹ್ನವೇ ಬಿಡುವು ಎಂದು ಗೊತ್ತಾಯಿತು. ಅಷ್ಟೇ, ಮುಗಿಯಿತು.

"ಎರಡು ದಿನ ಒಬ್ಬೊಬ್ಬಳೇ ಬರಬೇಕು. ಆಗಲ್ಲ," ಎಂದ.

"ಮುಂಚೆ ಬಿಡುವಾದವಳು ಅಲ್ಲೇ ಕಾಯಲಿ" ಎಂದೆ ನಾನು.

"ಕಾಯೋದಾದ್ರೂ ಒಬ್ಬಳೇ ತಾನೆ ಮಾರಾಯ್ತಿ?"

ಅಪ್ಪ ತೀರಿಕೊಂಡ ಮೇಲೆ ಮನೆಯ ಎಲ್ಲ ಭಾರ ಅಣ್ಣನ ಹೆಗಲಿಗೆ ಬಿದ್ದದ್ದು ನಿಜ. ಅವನು ಕೆಟ್ಟವನಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವುದನ್ನೂ ಬಿಟ್ಟು ಇಬ್ಬರನ್ನೂ ಬಸ್ ಹತ್ತಿಸಿ, ಬಸ್ಸು ತಿರುವಿನಲ್ಲಿ ಕಾಣದಾಗುವವರೆಗೆ ನಿಂತು ಬರುತ್ತಿದ್ದ. ಅವನಿಗೆ ಹೆದರಿಕೆ. ಆ ಹೆದರಿಕೆಗೆ ಅವನು ಜವಾಬ್ದಾರಿ ಎಂದು ಹೆಸರಿಟ್ಟುಕೊಂಡಿದ್ದ. ತಮ್ಮನ ವಿಷಯ ಹೇಳುವುದೇ ಬೇಡ, ಅಣ್ಣ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ತನ್ನ ಮಗಳಿಗೆ ಬೇಕಾದ ಗಣಿತ ಸಿಕ್ಕಿತಲ್ಲ ಎಂದು ಅವನು ಸುಮ್ಮನಾದ. ನಾನೂ ಸುಮ್ಮನಾದೆ.

ಕಾಲೇಜು ಶುರುವಾಯಿತು. ಸ್ವಲ್ಪ ದಿನಕ್ಕೇ ದೊಡ್ಡವಳು ಇಳಿದುಹೋದಳು. ಬಯಾಲಜಿಯಲ್ಲಿ ಹೃದಯದ ಚಿತ್ರ ಬರೆದರೆ ಟೀಚರ್ ಕ್ಲಾಸಿಗೆಲ್ಲ ತೋರಿಸುತ್ತಿದ್ದರಂತೆ. ಗಣಿತದ ಪೀರಿಯಡ್ ಬಂದರೆ ಕೊನೆಯ ಬೆಂಚಿಗೆ ಹೋಗಿ ಕೂರುವಳಂತೆ. ಶನಿವಾರ ಶಿವಮೊಗ್ಗದ ರವೀಂದ್ರನಗರದಲ್ಲಿ ಒಬ್ಬ ನಿವೃತ್ತ ಮೇಷ್ಟರ ಮನೆಗೆ ಟ್ಯೂಷನ್ನಿಗೂ ಹಾಕಿದರು, ಇಬ್ಬರನ್ನೂ. ಮೂಗಿಗಿಂತ ಮೂಗುತಿ ಭಾರವಾಯಿತು. ಕಾಲೇಜಿನ ಗಣಿತ, ಟ್ಯೂಷನ್ನಿನ ಗಣಿತ, ಬಸ್ಸಿನಲ್ಲಿ ಚಿಕ್ಕವಳು ಹೇಳಿಕೊಡುವ ಗಣಿತ. ಅಷ್ಟಾದರೂ ತಲೆಗೆ ಹತ್ತಲಿಲ್ಲ. ಒಂದು ಸಂಜೆ ನನ್ನ ಕೋಣೆಗೆ ಬಂದು, ಬಟ್ಟೆ ತುಂಡುಗಳ ಮೇಲೆ ಕೂತು, "ಅತ್ತೆ, ನಾನು ದಡ್ಡಿ ಅಲ್ವಾ?" ಎಂದು ಕೇಳಿದಳು. "ನೀನು ದಡ್ಡಿ ಆದ್ರೆ ಊರಿಗೆ ಬುದ್ಧಿವಂತರು ಯಾರೂ ಉಳಿಯಲ್ಲ ಬಿಡು" ಎಂದೆ. ಅವಳು ನಂಬಲಿಲ್ಲ.

ಅಷ್ಟರಲ್ಲಿ ಮೊದಲ ಟೆಸ್ಟ್ ಬಂತು. ಅಂಕಗಳು ನೇರವಾಗಿ ಅಣ್ಣನ ಫೋನಿಗೆ ಬಂದವು, ಇಬ್ಬರಿಗೂ ಅವನದೇ ನಂಬರು ಕೊಟ್ಟಿದ್ದರು. ಉಳಿದ ವಿಷಯಗಳಲ್ಲಿ ಇಬ್ಬರೂ ಚೆನ್ನಾಗಿಯೇ ತೆಗೆದಿದ್ದರು. ಗಣಿತದಲ್ಲಿ ದೊಡ್ಡವಳು ಫೇಲು. ಅದು ಎಲ್ಲರೂ ನಿರೀಕ್ಷೆ ಮಾಡಿದ್ದೇ. ಚಿಕ್ಕವಳೂ ಫೇಲು ಎಂದಾಗ ಅಣ್ಣ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ಓದಿದ. ತಮ್ಮ ಎದ್ದು ಹೊರಗೆ ಹೋದ.

ಅಣ್ಣ ಬೈಯಲಿಲ್ಲ. ಒಂದು ದಿನವೆಲ್ಲ ಯೋಚನೆ ಮಾಡಿ ಇನ್ನೊಂದು ತೀರ್ಪು ಕೊಟ್ಟ. "ಚಿಕ್ಕವಳಿಗೇ ಆಗಲ್ಲ ಅಂದ್ಮೇಲೆ ಆ ಗಣಿತ ನಮ್ಮ ಮಕ್ಕಳಿಗೆ ಬೇಡ. ಈ ವಾರದ ಕೊನೆವರೆಗೂ ಕಾಂಬಿನೇಷನ್ ಬದಲಾಯಿಸಬಹುದಂತೆ. ಇಬ್ಬರನ್ನೂ ಹೋಮ್ ಸೈನ್ಸ್‌ಗೆ ಹಾಕ್ತೀನಿ. ಇಬ್ಬರೂ ಸಂಜೆನೇ ಬರ್ತಾರೆ, ಜೊತೇಲೇ ಬರ್ತಾರೆ."

ದೊಡ್ಡವಳು ತಲೆ ಎತ್ತಲಿಲ್ಲ. ಚಿಕ್ಕವಳು, "ಆಯ್ತು ದೊಡ್ಡಪ್ಪ" ಎಂದಳು. ಅಷ್ಟು ಬೇಗ ಹೇಳಿದಳು. ಗಣಿತಕ್ಕಾಗಿ ಊಟ ಬಿಡುವ ಹುಡುಗಿ ಅದನ್ನೇ ಬಿಡಿ ಅಂದರೆ ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲವಲ್ಲ ಎಂದು ನನಗೆ ಒಂದು ಥರ ಆಯಿತು.

ಮಾರನೆಯ ದಿನ ಸಂಜೆ ಇಬ್ಬರೂ ನನ್ನ ಕೋಣೆಯಲ್ಲಿದ್ದರು. ನಾನು ಮಿಷನ್ ತುಳಿಯುತ್ತಿದ್ದೆ. ಕಾಂಬಿನೇಷನ್ ಬದಲಾಗುವವರೆಗೆ ಗಣಿತದ ಹೋಮ್‌ವರ್ಕ್ ಕೊಡಲೇಬೇಕಲ್ಲ, ದೊಡ್ಡವಳು ಏನೋ ಕೇಳಿದಳು. ಚಿಕ್ಕವಳು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಾರ್ಕಿಂಗ್ ಸೀಮೆಸುಣ್ಣದಿಂದ ಒಂದು ದೊಡ್ಡ ವೃತ್ತ ಬರೆದು, ಅದರೊಳಗೆ ಗೆರೆ ಎಳೆದು, ಕೋನ ತೋರಿಸಿ ಹೇಳಿಕೊಡತೊಡಗಿದಳು. ಟೆಸ್ಟಿನಲ್ಲಿ ಬಂದಿದ್ದ ಲೆಕ್ಕವಂತೆ. ಒಂದರ ಹಿಂದೆ ಒಂದು, ನಿಲ್ಲದೆ, ಪುಸ್ತಕ ನೋಡದೆ. ಗಣಿತದ ಗಂಧಗಾಳಿ ಇಲ್ಲದ ನನಗೂ ಅರ್ಧ ಅರ್ಥವಾಯಿತು.

ಮಿಷನ್ ನಿಲ್ಲಿಸಿದೆ. "ಇಷ್ಟೆಲ್ಲಾ ಬರೋದಾದ್ರೆ ಟೆಸ್ಟಲ್ಲಿ ಹೇಗೆ ಫೇಲಾದೆ?"

"ಟೈಮ್ ಸಾಲಲಿಲ್ಲ ಅತ್ತೆ."

"ಉಳಿದ ಸಬ್ಜೆಕ್ಟಿಗೆಲ್ಲ ಸಾಲಿತಾ?"

ಅವಳು ಸೀಮೆಸುಣ್ಣದ ವೃತ್ತವನ್ನು ಅಂಗೈಯಿಂದ ಒರೆಸಿಬಿಟ್ಟಳು. ದೊಡ್ಡವಳು ಕಾಫಿ ತರುತ್ತೇನೆಂದು ಕೆಳಗೆ ಹೋದಳು. ನನಗೆ ಅನುಮಾನ ಗಟ್ಟಿಯಾಯಿತು. ಆದರೆ ಅಲ್ಲಿ ಬಾಯಿ ಬಿಡಿಸುವ ಹಾಗಿರಲಿಲ್ಲ. ದಾರ, ಹುಕ್ಕು ತರಬೇಕು, ನನ್ನ ಜೊತೆ ಬಾ ಎಂದು ಚಿಕ್ಕವಳೊಬ್ಬಳನ್ನೇ ಹೊರಡಿಸಿದೆ.

ಹಳೆಯ ಸೇತುವೆಯ ಹತ್ತಿರ ಬಂದಾಗ ಕೇಳಿದೆ. "ಬೇಕಂತಲೇ ಬಿಟ್ಟೆ ಅಲ್ವೇನೆ?"

ಅವಳು ಲೆಕ್ಕ ಬಿಡಿಸುವ ದನಿಯಲ್ಲೇ ಹೇಳಿದಳು. "ಲೆಕ್ಕ ಹಾಕಿ ನೋಡ್ದೆ ಅತ್ತೆ. ಅವಳೊಬ್ಬಳೇ ಫೇಲಾದ್ರೆ ದೊಡ್ಡಪ್ಪ ಅವಳನ್ನ ಬಿಡಿಸಿ ಇಲ್ಲೇ ಆರ್ಟ್ಸ್‌ಗೆ ಹಾಕ್ತಾರೆ. ಅವಳ ನರ್ಸಿಂಗ್ ಹೋಯ್ತು. ಆಮೇಲೆ ನಂಗೆ ಶಿವಮೊಗ್ಗಕ್ಕೆ ಜೊತೆ ಯಾರು? ನನ್ನನ್ನೂ ಬಿಡಿಸ್ತಾರೆ. ಹೇಗಿದ್ರೂ ನಂಗೆ ಆರ್ಕಿಟೆಕ್ಚರ್ ಇಲ್ಲ. ಇಬ್ಬರೂ ಫೇಲಾದ್ರೆ ಇಬ್ಬರನ್ನೂ ಹೋಮ್ ಸೈನ್ಸ್‌ಗೆ ಹಾಕ್ತಾರೆ. ಅವಳಿಗಾದ್ರೂ ಆಗುತ್ತಲ್ಲ."

"ನೀನೇನು ಮಾಡ್ತೀಯ?"

"ಏನಾದ್ರೂ ಓದ್ತೀನಿ ಬಿಡು."

ಹದಿನಾರು ತುಂಬದ ಹುಡುಗಿ. ಮನೆಯ ದೊಡ್ಡವರು ಕಟ್ಟಿದ ಗಂಟನ್ನು ತನ್ನ ಕೈಯನ್ನೇ ಕತ್ತರಿಸಿಕೊಂಡು ಬಿಡಿಸಲು ಹೊರಟಿದ್ದಳು. ಆ ಸೇತುವೆಯ ಮೇಲೆ ನಿಂತು ನಾನು ಅಳಲಿಲ್ಲ ಅನ್ನುವುದು ಸುಳ್ಳು. ಅತ್ತುಬಿಟ್ಟೆ. ಆಮೇಲೆ ಮೈಯೆಲ್ಲ ಉರಿಯತೊಡಗಿತು. ದಾರ, ಹುಕ್ಕು ಎಲ್ಲ ಮರೆತುಹೋಯಿತು. ಅವಳನ್ನು ಮನೆಗೆ ಕಳಿಸಿ ನೇರ ಅಂಗಡಿಗೆ ನಡೆದೆ.

ಗಿರಾಕಿಗಳು ಇರಲಿಲ್ಲ. ಅಣ್ಣ ಗಲ್ಲಾದ ಹಿಂದೆ, ತಮ್ಮ ಒಳಗೆ ಮೊಳೆ ತೂಗುತ್ತಿದ್ದ. ಕಾಲೇಜಿಗೆ ಕೊಡುವ ಅರ್ಜಿ ಬರೆದು, ಕವರಿಗೆ ಹಾಕಿ, ಅಣ್ಣ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ನಾಳೆ ಬೆಳಿಗ್ಗೆಯೇ ಹೊರಡುವವನಿದ್ದ. ನಾನು ಕೂರದೆಯೇ ಎಲ್ಲವನ್ನೂ ಹೇಳಿದೆ. ಅಣ್ಣ ಮೊದಲು ನಂಬಲಿಲ್ಲ, ಆಮೇಲೆ ನಂಬಿದ, ಆಮೇಲೆ ಅವನ ಮುಖ ಕಪ್ಪಿಟ್ಟಿತು.

"ಹಾಗಾದ್ರೆ ಈಗ ಏನು ಮಾಡೋದು?"

"ದೊಡ್ಡವಳನ್ನ ಹೋಮ್ ಸೈನ್ಸ್‌ಗೆ ಹಾಕು. ಚಿಕ್ಕವಳು ಗಣಿತದಲ್ಲೇ ಇರ್ಲಿ."

"ಎರಡು ದಿನ ಒಬ್ಬೊಬ್ಬಳೇ ಬಸ್ಸಲ್ಲಿ..."

"ಬಸ್ಸಲ್ಲಿ ಐವತ್ತು ಜನ ಇರ್ತಾರಲ್ಲೋ ಅಣ್ಣ. ಅಷ್ಟು ಜನದ ಮಧ್ಯೆ ಕೂತವಳು ಒಬ್ಬಳೇ ಹೇಗಾಗ್ತಾಳೆ?"

"ನಿಂಗೆ ಗೊತ್ತಾಗಲ್ಲ. ನಾಳೆ ಏನಾದ್ರೂ ಆದ್ರೆ ಊರು ನನ್ನ ಕೇಳುತ್ತೆ."

"ಊರು ನನ್ನ ಕೇಳಿತ್ತಾ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅಕ್ಕನ ಮದುವೆ ಗೊತ್ತಾದಾಗ ಅವಳ ಜೊತೆಗೆ ನನ್ನ ಕಾಲೇಜನ್ನೂ ಬಿಡಿಸಿದ್ರಲ್ಲ, ಜೋಡಿ ಇಲ್ಲ ಅಂತ. ನಾನು ಪಾಸಾಗ್ತಿದ್ದೆ. ನಂಗೆ ಓದ್ಬೇಕಿತ್ತು. ಮದುವೆಗೆ ಕೂತಿದ್ದು ಅವಳು, ಓದು ಬಿಟ್ಟಿದ್ದು ನಾನು. ಆಮೇಲೆ ನಂಗೂ ಒಂದು ಗಂಡು ಹುಡುಕಿದ್ರಿ, ಅಲ್ಲಿಗೆ ಒಬ್ಬಳನ್ನೇ ಕಳಿಸಿದ್ರಿ. ಆಗ ಜೋಡಿ ಬೇಕು ಅಂತ ಯಾರಿಗೂ ಅನಿಸ್ಲಿಲ್ಲ."

ಈ ಮಾತನ್ನು ನಾನು ಯಾವತ್ತೂ ಆಡಿರಲಿಲ್ಲ. ಆಡಬೇಕೆಂದು ಹೋಗಿರಲೂ ಇಲ್ಲ. ಅಣ್ಣ ತಲೆ ತಗ್ಗಿಸಿ ಗಲ್ಲಾದ ಮೇಲಿನ ಟೇಪನ್ನು ಎಳೆಯುವುದು, ಬಿಡುವುದು ಮಾಡುತ್ತಿದ್ದ. ಅಪ್ಪ ಮಾಡಿದ್ದಕ್ಕೆ ಅವನನ್ನು ಬೈದರೆ ಏನು ಬಂತು ಎಂದು ನನಗೂ ಅನಿಸಿತು. ಆಗ ಅವನೂ ಹುಡುಗನೇ.

ಆಗ ಒಳಗಿನಿಂದ ತಮ್ಮ ಬಂದ. ಕೈಯಲ್ಲಿ ಇನ್ನೂ ಮೊಳೆ ಇದ್ದವು. ಅಣ್ಣನ ಎದುರು ಅವನು ನಿಂತು ಮಾತಾಡಿದ್ದನ್ನು ನಾನು ಕಂಡೇ ಇಲ್ಲ.

"ಅಣ್ಣ, ನನ್ನ ಮಗಳಿಗೆ ಗಣಿತ ಇರ್ಲಿ," ಎಂದ. "ಬೇಕಾದ್ರೆ ಆ ಎರಡು ದಿನ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ತೀನಿ."

ಅಣ್ಣ ಜೇಬಿನಿಂದ ಕವರ್ ತೆಗೆದು, ಅರ್ಜಿ ಹೊರಗೆಳೆದು, ಚಿಕ್ಕವಳ ಹೆಸರಿನ ಮೇಲೆ ಗೀಟು ಹಾಕಿದ. ಹಾಗೆ ಗೀಟು ಹಾಕಿದ್ದನ್ನು ಕಾಲೇಜಿನವರು ತಗೊಳ್ಳಲ್ಲ, ಹೊಸದಾಗಿ ಬರಿ ಎಂದೆ. "ಬರೀತೀನಿ ಮಾರಾಯ್ತಿ, ಒಂಚೂರು ಉಸಿರಾಡೋಕೆ ಬಿಡು" ಎಂದ. ಅವನ ಕಣ್ಣು ತೇವವಾಗಿದ್ದವು.

ಮಾರನೆಯ ದಿನ ಅಣ್ಣನ ಜೊತೆ ನಾನೂ ಶಿವಮೊಗ್ಗಕ್ಕೆ ಹೋದೆ. ದಾರಿಯಲ್ಲಿ ಮನಸ್ಸು ಬದಲಾಯಿಸಿಬಿಟ್ಟರೆ ಎಂದು ಭಯ. ಆಫೀಸಿನಲ್ಲಿ ಅರ್ಜಿ ಕೊಟ್ಟೆವು. ಅಲ್ಲೇ ಸಿಕ್ಕ ಗಣಿತದ ಮೇಡಂ, "ಇನ್ನೊಬ್ಬಳನ್ನೂ ಬಿಡಿಸ್ತೀರೇನೋ ಅಂತ ಹೆದರಿದ್ದೆ. ಕ್ಲಾಸಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸೋ ಹುಡುಗಿ ಟೆಸ್ಟಲ್ಲಿ ಖಾಲಿ ಹಾಳೆ ಕೊಟ್ರೆ ನಾನೇನು ತಿಳ್ಕೊಳ್ಳಲಿ?" ಎಂದರು. ಅಣ್ಣ ಅವರಿಗೆ ಕೈ ಮುಗಿದ. ಗಣಿತ ಒಮ್ಮೆ ಕೈಬಿಟ್ಟರೆ ಆಮೇಲೆ ಆರ್ಕಿಟೆಕ್ಚರಿಗೆ ಅರ್ಜಿ ಹಾಕಲೂ ಬರುವುದಿಲ್ಲವೇ ಎಂದು ಇನ್ನೊಮ್ಮೆ ಕೇಳಿದ. ಬರುವುದಿಲ್ಲ ಎಂದರು. ವಾಪಸು ಭದ್ರಾವತಿಗೆ ಬಂದು ಬಸ್ ಇಳಿದ ಮೇಲೆ ಅವನೇ ಹೂ ಮಾರುವವಳ ಹತ್ತಿರ ನಿಂತು ನನಗೆ ಒಂದು ಮೊಳ ಮಲ್ಲಿಗೆ ಕೊಡಿಸಿದ. ಅಷ್ಟು ವರ್ಷಕ್ಕೆ ಅದೇ ಮೊದಲು.

ಇಲ್ಲಿಗೆ ಕತೆ ಮುಗಿಯಿತು, ಎಲ್ಲರೂ ಸುಖವಾಗಿದ್ದರು ಎಂದು ನಾನೂ ಅಂದುಕೊಂಡೆ.

ಅದೇ ಸಂಜೆ ದೊಡ್ಡವಳು ಮೇಲೆ ಬಂದಳು. ಬೇಕಾದ ಹೋಮ್ ಸೈನ್ಸ್ ಸಿಕ್ಕಿದೆ, ಬೇಡದ ಗಣಿತ ಹೋಗಿದೆ, ಮುಖದಲ್ಲಿ ಒಂದು ಚೂರು ಗೆಲುವಿಲ್ಲ. ನಾನು ಹುಕ್ಕು ಹೊಲಿಯುತ್ತಿದ್ದೆ. ನನ್ನ ಪಕ್ಕ ಕೂತು, ಒಂದು ಹಳೆಯ ಬಟ್ಟೆಯ ಅಂಚಿನ ದಾರ ಕೀಳುತ್ತಾ ಹೇಳಿದಳು.

"ನಂಗೆ ಗೊತ್ತಿತ್ತು ಅತ್ತೆ."

"ಏನು?"

"ಅವಳು ಬೇಕಂತ ಬರೀಲಿಲ್ಲ ಅಂತ. ಟೆಸ್ಟ್ ದಿನ ಅವಳು ನನ್ನ ಪಕ್ಕದ ಸಾಲಲ್ಲೇ ಕೂತಿದ್ಲು. ಪೆನ್ನಿನ ಕ್ಯಾಪ್ ಹಾಕಿ, ಕಿಟಕಿ ನೋಡ್ತಾ ಕೂತ್ಲು. ನಾನು ನೋಡ್ದೆ. ಯಾಕೆ ಅಂತಾನೂ ಅರ್ಥ ಆಯ್ತು. ಸುಮ್ನಿದ್ದೆ. ಆಮೇಲೆ ಮನೇಲೂ ಸುಮ್ನಿದ್ದೆ. ಅವಳು ಬರೆದಿದ್ರೆ ನಾನೊಬ್ಳೇ ಫೇಲಾಗ್ತಿದ್ದೆ ಅತ್ತೆ."

ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನಗೆ ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟು ಬಂತು. ಅವಳ ಮುಖ ನೋಡಿದೆ. ಬಿಡಿಸಿ ಮನೆಯಲ್ಲಿ ಕೂರಿಸುತ್ತಾರೆ ಎಂಬ ಭಯ ಎಂಥದ್ದೆಂದು ನನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ಎಳೆದು ತಬ್ಬಿಕೊಂಡೆ. ಅತ್ತು ಸಾಕಾಗುವವರೆಗೆ ಅಳಲಿ ಎಂದು ಬಿಟ್ಟೆ.

"ನನ್ನ ಹತ್ರ ಹೇಳಿ ಏನು ಬಂತು," ಎಂದೆ ಕೊನೆಗೆ. "ಹೋಗಿ ಅವಳಿಗೆ ಹೇಳು."

ಕೆಳಗೆ ಹೋದಳು. ಅವರ ಕೋಣೆ ನನ್ನ ಕೋಣೆಯ ಕೆಳಗೇ. ಸ್ವಲ್ಪ ಹೊತ್ತಿಗೆ ಚಿಕ್ಕವಳ ದನಿ ಏರಿತು. ಹುಟ್ಟಿದಾರಭ್ಯ ಅವರಿಬ್ಬರೂ ಜಗಳವಾಡಿದ್ದನ್ನು ನಾನು ಕೇಳಿರಲಿಲ್ಲ. ಮೆಟ್ಟಿಲ ತನಕ ಬಂದು ನಿಂತೆ.

"ನೀನು ನೋಡಿದ್ದೆ ಅಂತ ನಂಗೂ ಗೊತ್ತಿತ್ತು!" ಚಿಕ್ಕವಳು ಅಳುತ್ತಿದ್ದಳು. ಗಣಿತ ಬಿಡುತ್ತೇನೆಂದಾಗ ಬಾರದ ಅಳುವೆಲ್ಲ ಈಗ ಬಂದಿತ್ತು. "ಗಂಟೆ ಹೊಡೆಯೋ ತನಕ ಕಾದೆ ಕಣೆ. ಬೇಡ, ಬರಿ ಅಂತ ನೀನು ಒಂದು ಸನ್ನೆ ಮಾಡ್ತೀಯ ಅಂತ ಕಾದೆ. ನೀನು ಮಾಡಿದ್ರೂ ನಾನು ಬರೀತಿರ್ಲಿಲ್ಲ. ಆದ್ರೂ ಕಾದೆ."

ಮಾರನೆಯ ದಿನ ಅವರನ್ನು ಬಸ್ ಹತ್ತಿಸಿ ಬಂದ ಅಣ್ಣ ಗಾಬರಿಯಾಗಿ ನನ್ನ ಕೋಣೆಗೇ ಬಂದ. "ಇಬ್ಬರೂ ಬೇರೆ ಬೇರೆ ಸೀಟಲ್ಲಿ ಕೂತ್ರು. ಒಬ್ಬಳು ಮುಂದೆ, ಒಬ್ಬಳು ಹಿಂದೆ. ಏನಾಯ್ತೇ?"

"ಏನೂ ಆಗಿಲ್ಲ. ಇಬ್ಬರು ಹುಡುಗೀರು ಎರಡು ಸೀಟಲ್ಲಿ ಕೂತಿದ್ದಾರೆ" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿರಲಿಲ್ಲ, ಹೇಳಿಕೊಳ್ಳಲಿಲ್ಲ ಅಷ್ಟೆ.

ಹೀಗೇ ನಡೆಯಿತು. ಪ್ರಾಕ್ಟಿಕಲ್ ಇದ್ದ ಎರಡು ದಿನ ಚಿಕ್ಕವಳು ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಬಂದಳು, ದೊಡ್ಡವಳು ಸಂಜೆಯ ಬಸ್ಸಿಗೆ ಒಬ್ಬಳೇ ಬಂದಳು. ತಮ್ಮ ಎರಡು ವಾರ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ, ಆಮೇಲೆ ಬೇಜಾರಾಗಿ ಬಿಟ್ಟ. ಆಕಾಶ ಕಳಚಿ ಬೀಳಲಿಲ್ಲ. ಊರು ಯಾರನ್ನೂ ಏನೂ ಕೇಳಲಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದವರು ಈಗ ಬೇಕಾದಷ್ಟೇ ಮಾತಾಡುತ್ತಿದ್ದರು. ಉಪ್ಪು ಕೊಡು, ಚಾರ್ಜರ್ ಎಲ್ಲಿ, ಅಷ್ಟು. ದೊಡ್ಡವಳು ಹೋಮ್ ಸೈನ್ಸಿನಲ್ಲಿ ಚೇತರಿಸಿಕೊಂಡಳು, ಮೈಕೈ ತುಂಬಿಕೊಂಡಳು, ಮನೆಯವರಿಗೆಲ್ಲ ಯಾವ ಊಟದಲ್ಲಿ ಏನಿದೆ ಎಂದು ಪಾಠ ಹೇಳತೊಡಗಿದಳು. ಆದರೆ ಚಿಕ್ಕವಳು ಎದುರಿಗೆ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೆಯ ಟೆಸ್ಟಿನಲ್ಲಿ ಗಣಿತ ಇದ್ದ ದಿನ. ಹೋಮ್ ಸೈನ್ಸ್‌ನವರಿಗೆ ಅವತ್ತು ರಜೆ. ಚಿಕ್ಕವಳು ಒಬ್ಬಳೇ ಹೋಗಬೇಕಿತ್ತು. ಅವಳು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದಳು, ನಾನು ಮೇಲಿನ ಕಿಟಕಿಯಲ್ಲಿ ನಿಂತಿದ್ದೆ. ದೊಡ್ಡವಳು ಮಲಗೆದ್ದ ಕೂದಲಲ್ಲೇ, ಬರಿಗಾಲಲ್ಲಿ, ಬಾಗಿಲಿಗೆ ಓಡಿ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬರಿ ಕಣೆ," ಎಂದಳು ದೊಡ್ಡವಳು. "ಒಂದೂ ಬಿಡಬೇಡ. ಪೂರ್ತಿ ಬರಿ."

ಚಿಕ್ಕವಳು ಗೇಟಿನ ತನಕ ಹೋದವಳು ವಾಪಸು ಬಂದು, ದೊಡ್ಡವಳ ಭುಜಕ್ಕೆ ಹಣೆ ಒತ್ತಿ ಒಂದು ಗಳಿಗೆ ನಿಂತಳು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಒಬ್ಬಳೇ ಹೋದಳು. ಅವತ್ತು ಅವಳು ಪೂರ್ತಿ ಬರೆದಳು.